ಕನಿಷ್ಠ ವೇತನ ಏರಿದರೆ ಕೆಲಸ ಕಡಿಮೆಯಾಗುತ್ತಾ?

2025ರ ಏಪ್ರಿಲ್‌ನಲ್ಲಿ ಕರ್ನಾಟಕ ಸರ್ಕಾರ ಕನಿಷ್ಠ ವೇತನದ ಕರಡು ಅಧಿಸೂಚನೆ ಹೊರಡಿಸಿತು. ಅದರ ಪ್ರಕಾರ ಬೆಂಗಳೂರಿನಲ್ಲಿ ಹೆಲ್ಪರ್ ಕೆಲಸಕ್ಕೂ ತಿಂಗಳಿಗೆ 23,376 ರೂಪಾಯಿ ಕೊಡಬೇಕು. ಸಣ್ಣ ಊರುಗಳ ವಲಯದಲ್ಲಿ ಅದೇ ಕೆಲಸಕ್ಕೆ 19,319 ರೂಪಾಯಿ. ಎಷ್ಟೋ ಕಾರ್ಖಾನೆಗಳಲ್ಲಿ ಹಲವು ವರ್ಷ ಹೊಲಿಗೆ ಹಾಕಿದ ಟೈಲರ್‌ಗೂ ಇಷ್ಟು ಕೈಗೆ ಬರುವುದಿಲ್ಲ. ಕಾರ್ಮಿಕ ಸಂಘಗಳು ಕರಡನ್ನು ಸ್ವಾಗತಿಸಿದವು. ಕೈಗಾರಿಕಾ ಸಂಘಟನೆಗಳು ವಿರೋಧಿಸಿದವು. ಇಷ್ಟು ಸಂಬಳ ಕೊಟ್ಟರೆ ಸಣ್ಣ ಘಟಕಗಳು ಬಾಗಿಲು ಹಾಕುತ್ತವೆ, ಉಳಿದವು ಪಕ್ಕದ ರಾಜ್ಯಕ್ಕೆ ಹೋಗುತ್ತವೆ ಎಂಬುದು ಅವರ ಮಾತು.

ಅದೇ ವರ್ಷ ನವೆಂಬರ್ 21ರಂದು ಹಳೆಯ ಕಾರ್ಮಿಕ ಕಾಯ್ದೆಗಳನ್ನು ಒಟ್ಟುಗೂಡಿಸಿದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1948ರ ಕನಿಷ್ಠ ವೇತನ ಕಾಯ್ದೆಯ ಜಾಗದಲ್ಲಿ ಈಗ ವೇತನ ಸಂಹಿತೆ ಇದೆ. ಇದರ ಜೊತೆಗೆ ಅಮೆರಿಕದ ಸುಂಕದ ಸುದ್ದಿ, ಬಡ್ಡಿ ಇಳಿಕೆಯ ಸುದ್ದಿ, ಹೊಸಬರನ್ನು ಕೆಲಸಕ್ಕೆ ಸೇರಿಸಿಕೊಂಡರೆ ಕೇಂದ್ರ ಹಣ ಕೊಡುತ್ತೆ ಎಂಬ ಸುದ್ದಿ. ಎಲ್ಲವೂ ಕೆಲಸಕ್ಕೆ ಸಂಬಂಧಿಸಿದ್ದೇ. ಆದರೆ ಒಂದಕ್ಕೊಂದು ಹೇಗೆ ಕೂಡುತ್ತೆ ಎಂಬುದು ಓದುಗರಿಗೆ ಸುಲಭವಾಗಿ ತಿಳಿಯುವುದಿಲ್ಲ. ಸಂಬಳ ಏರಿಸಿದರೆ ನಿರುದ್ಯೋಗ ಜಾಸ್ತಿಯಾಗುತ್ತೆ ಎನ್ನುವವರ ಮಾತೂ ತರ್ಕಬದ್ಧ ಅನ್ನಿಸುತ್ತೆ. ಹಾಗೇನೂ ಆಗಲ್ಲ ಎನ್ನುವವರ ಮಾತೂ ಸರಿ ಅನ್ನಿಸುತ್ತೆ. ಇಬ್ಬರ ವಾದವನ್ನೂ ಬಿಡಿಸಿ ನೋಡಬೇಕು.

23 ಸಾವಿರದ ಲೆಕ್ಕ ಎಲ್ಲಿಂದ ಬಂತು?

ಸರ್ಕಾರ ಈ ಮೊತ್ತವನ್ನು ಸುಮ್ನೆ ಊಹೆಯಿಂದ ಹಾಕಿಲ್ಲ. ಇದರ ಬೇರು 1957ರಲ್ಲಿದೆ. ಆ ವರ್ಷ ನಡೆದ 15ನೇ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಕೂತು ಒಂದು ಸೂತ್ರ ಒಪ್ಪಿದರು. ದುಡಿಯುವ ಒಬ್ಬರ ಮನೆಗೆ, ಅವರನ್ನೂ ಸೇರಿಸಿ, ಮೂರು 'ಬಳಕೆ ಘಟಕ' ಲೆಕ್ಕ ಹಿಡಿಯಬೇಕು (ದುಡಿಯುವವರದು ಒಂದು ಪೂರ್ತಿ ಘಟಕ, ಮಕ್ಕಳದು ಅದಕ್ಕಿಂತ ಕಡಿಮೆ). ಒಂದೊಂದು ಘಟಕಕ್ಕೆ ದಿನಕ್ಕೆ 2,700 ಕ್ಯಾಲೊರಿ ಆಹಾರ, ಇಡೀ ಮನೆಗೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಉರುವಲು, ದೀಪ ಮತ್ತು ಇತರೆ ಖರ್ಚಿಗೆ ಒಟ್ಟು ವೇತನದ 20%. ಇದೆಲ್ಲ ಕೂಡಿದರೆ ಕನಿಷ್ಠ ವೇತನ.

1991ರಲ್ಲಿ ಸುಪ್ರೀಂ ಕೋರ್ಟ್ ರೆಪ್ಟಕೋಸ್ ಬ್ರೆಟ್ ಪ್ರಕರಣದ ತೀರ್ಪಿನಲ್ಲಿ ಇದಕ್ಕೆ ಇನ್ನೊಂದು ಭಾಗ ಸೇರಿಸಿತು. ಮಕ್ಕಳ ಓದು, ಆಸ್ಪತ್ರೆ, ಹಬ್ಬ, ಮದುವೆ, ಮುಪ್ಪಿನ ಖರ್ಚಿಗೆ 25% ಇರಬೇಕು ಎಂದಿತು. ಅದಕ್ಕಿಂತ ಮುಖ್ಯವಾಗಿ, ಕನಿಷ್ಠ ವೇತನ ಕೊಡಲಾಗದ ಉದ್ದಿಮೆಗೆ ಕಾರ್ಮಿಕರನ್ನು ದುಡಿಸಿಕೊಳ್ಳುವ ಹಕ್ಕಿಲ್ಲ ಎಂಬ ತತ್ವವನ್ನು ಎತ್ತಿಹಿಡಿಯಿತು.

ಸೂತ್ರ ಪುಸ್ತಕದಲ್ಲಿತ್ತು. ಆದರೆ ರಾಜ್ಯ ಸರ್ಕಾರಗಳು ವೇತನ ನಿಗದಿ ಮಾಡುವಾಗ ಹಳೆಯ ದರಕ್ಕೆ ಒಂದಿಷ್ಟು ಸೇರಿಸಿ ಮುಗಿಸುತ್ತಿದ್ದವು. ಕರ್ನಾಟಕದಲ್ಲಿ ಎಐಟಿಯುಸಿ ಎಂಬ ಕಾರ್ಮಿಕ ಸಂಘಟನೆ ಇದನ್ನು ಹೈಕೋರ್ಟ್‌ನಲ್ಲಿ ಪ್ರಶ್ನಿಸಿತು. ಸುಪ್ರೀಂ ಕೋರ್ಟ್ ಹೇಳಿದ ಮಾನದಂಡದಂತೆ ಲೆಕ್ಕ ಹಾಕಿ ಎಂದು ಹೈಕೋರ್ಟ್ ಸೂಚಿಸಿತು. ಹಾಗೆ ಹಾಕಿದಾಗ ಬಂದ ಮೊತ್ತವೇ ಈ 23 ಸಾವಿರ. ಹಲವು ದಶಕ ಸ್ವಲ್ಪ ಸ್ವಲ್ಪವಾಗಿ ಏರಬೇಕಿದ್ದದ್ದು ಒಮ್ಮೆಲೇ ಕಾಗದದ ಮೇಲೆ ಬಂದಿದ್ದರಿಂದ ಏರಿಕೆ ದೊಡ್ಡದಾಗಿ ಕಾಣುತ್ತೆ. ಹೋಲಿಕೆಗೆ ಇನ್ನೊಂದು ಅಂಕಿ ನೋಡಿ. ಕೇಂದ್ರ ಸರ್ಕಾರದ ವ್ಯಾಪ್ತಿಯ ಕೆಲಸಗಳಲ್ಲಿ ದೊಡ್ಡ ನಗರದ ಕೌಶಲರಹಿತ ಕಾರ್ಮಿಕರಿಗೆ 2024ರ ಅಕ್ಟೋಬರ್‌ನಿಂದಲೇ ದಿನಕ್ಕೆ 783 ರೂಪಾಯಿ, ತಿಂಗಳಿಗೆ 20,358 ರೂಪಾಯಿ ಇತ್ತು. ಹಾಗಾಗಿ ರಾಜ್ಯದ ಕರಡು ಯಾರೂ ಕೇಳದ ಮೊತ್ತವನ್ನೇನೂ ಹೇಳಿಲ್ಲ.

ಮಾಲೀಕರ ಲೆಕ್ಕ

ಕೈಗಾರಿಕೆಗಳ ಆತಂಕವನ್ನು ಬರೀ ಲಾಭದಾಸೆ ಎಂದು ತಳ್ಳಿಹಾಕಬಾರದು. ಅದರ ಹಿಂದೆ ಸರಳವಾದ ಗಣಿತ ಇದೆ. ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ.

ವಿದೇಶಕ್ಕೆ ಹೋಗುವ ಒಂದು ಅಂಗಿಗೆ ಗಾರ್ಮೆಂಟ್ಸ್ ಕಾರ್ಖಾನೆಗೆ 400 ರೂಪಾಯಿ ಸಿಗುತ್ತೆ ಅಂದುಕೊಳ್ಳಿ. ಬಟ್ಟೆ, ದಾರ, ಗುಂಡಿಗೆ 240 ಹೋಯಿತು. ಕಾರ್ಮಿಕರ ಸಂಬಳಕ್ಕೆ 80. ಬಾಡಿಗೆ, ಕರೆಂಟು, ಸಾಗಣೆ, ಬಡ್ಡಿಗೆ 60. ಉಳಿದ 20 ಲಾಭ. ಈಗ 14 ಸಾವಿರ ಇದ್ದ ಸಂಬಳ 21 ಸಾವಿರವಾದರೆ ಅದು 50% ಏರಿಕೆ. 80 ರೂಪಾಯಿ ಇದ್ದ ಕೂಲಿ 120 ಆಗುತ್ತೆ. ಹೆಚ್ಚುವರಿ 40 ರೂಪಾಯಿ ಬೇಕು, ಲಾಭ ಇರುವುದೇ 20. ಲಾಭ ಪೂರ್ತಿ ಬಿಟ್ಟರೂ ಅಂಗಿಯೊಂದಕ್ಕೆ 20 ರೂಪಾಯಿ ನಷ್ಟ.

ಮಾಲೀಕರ ಮುಂದೆ ಆಗ ಕೆಲವೇ ದಾರಿ ಇರುತ್ತೆ. ಖರೀದಿದಾರ ಬ್ರ್ಯಾಂಡ್ ಹತ್ತಿರ 440 ರೂಪಾಯಿ ಕೇಳಬಹುದು. ಬ್ರ್ಯಾಂಡ್ ಒಪ್ಪದೆ ವಿಯೆಟ್ನಾಂಗೋ ಬಾಂಗ್ಲಾದೇಶಕ್ಕೋ ಆರ್ಡರ್ ಕೊಡಬಹುದು. ಟಾರ್ಗೆಟ್ ಏರಿಸಿ, ಒಂದು ಗಂಟೆಗೆ 80 ಪೀಸ್ ಹೊಲಿಯುತ್ತಿದ್ದ ಬ್ಯಾಚಿನಿಂದ 100 ಪೀಸ್ ತೆಗೆಸಬಹುದು. ಮೂವರು ಹೆಲ್ಪರ್ ಮಾಡುವ ಕೆಲಸಕ್ಕೆ ಒಂದು ಯಂತ್ರ ತರಬಹುದು. ಅಥವಾ ಕಡಿಮೆ ವೇತನದ ಜಾಗಕ್ಕೆ ಘಟಕವನ್ನೇ ಒಯ್ಯಬಹುದು. ಆಂಧ್ರದ ಹಿಂದೂಪುರ, ತಮಿಳುನಾಡಿನ ಹೊಸೂರು ಎರಡೂ ಗಡಿಗೆ ಅಂಟಿಕೊಂಡೇ ಇವೆ.

ಕೊನೆಯ ಮೂರರಲ್ಲಿ ಯಾವುದನ್ನು ಆರಿಸಿದರೂ ಇಲ್ಲಿನ ಯಾರದೋ ಕೆಲಸಕ್ಕೆ ಪೆಟ್ಟು ಬೀಳುತ್ತೆ. ಪಠ್ಯಪುಸ್ತಕದ ಅರ್ಥಶಾಸ್ತ್ರ ಹೇಳುವುದೂ ಇದನ್ನೇ: ಯಾವುದರ ಬೆಲೆ ಏರುತ್ತೋ ಅದನ್ನು ಕೊಳ್ಳುವವರು ಕಡಿಮೆಯಾಗುತ್ತಾರೆ, ದುಡಿಮೆಗೂ ಅದೇ ನಿಯಮ. ಪೀಣ್ಯದಲ್ಲಿ ಐದಾರು ಜನರನ್ನಿಟ್ಟುಕೊಂಡು ದೊಡ್ಡ ಕಂಪನಿಗೆ ಬಿಡಿಭಾಗ ಮಾಡಿಕೊಡುವ ವರ್ಕ್‌ಶಾಪಿನ ಸ್ಥಿತಿ ಇನ್ನೂ ಬಿಗಿ. ಅವರಿಗೆ ದರ ನಿಗದಿ ಮಾಡುವುದು ದೊಡ್ಡ ಕಂಪನಿ. ಬಿಲ್ ಪಾಸಾಗಲು ತಿಂಗಳುಗಟ್ಟಲೆ ಕಾಯಬೇಕು. ಅಲ್ಲಿ ಮಾಲೀಕನೂ ಲೇತ್ ಮುಂದೆ ನಿಂತು ಕೆಲಸ ಮಾಡುತ್ತಿರುತ್ತಾನೆ.

ಈ ಗಣಿತ ಎಲ್ಲಿ ತಪ್ಪುತ್ತೆ?

ಮೇಲಿನ ಲೆಕ್ಕಕ್ಕೆ ಒಂದು ನಂಬಿಕೆ ಆಧಾರ. ಈಗಿನ ಸಂಬಳ ಮಾರುಕಟ್ಟೆಯಲ್ಲಿ ನ್ಯಾಯವಾದ ಪೈಪೋಟಿಯಿಂದ ನಿಗದಿಯಾಗಿದೆ ಎಂಬ ನಂಬಿಕೆ ಅದು. ನಿಜ ಜೀವನದಲ್ಲಿ ಬಹಳ ಕಡೆ ಹಾಗಿರುವುದಿಲ್ಲ.

ಮದ್ದೂರಿನ ಹತ್ತಿರದ ಒಂದು ಹಳ್ಳಿಯ ಹೆಣ್ಣುಮಗಳಿಗೆ ಬಸ್ಸಿನಲ್ಲಿ ಹೋಗಿ ಸಂಜೆಯೊಳಗೆ ಮನೆ ಸೇರಬಹುದಾದ ದೂರದಲ್ಲಿ ಎಷ್ಟು ಕಾರ್ಖಾನೆ ಇರುತ್ತವೆ? ಒಂದೋ ಎರಡೋ. ಆ ಎರಡೂ ಒಂದೇ ಸಂಬಳ ಕೊಡುತ್ತವೆ. ಅವಳು 'ನನಗೆ ಇಷ್ಟು ಸಾಲದು' ಎಂದು ಹೇಳಿ ಇನ್ನೊಂದು ಕಡೆ ಹೋಗುವ ಹಾಗಿಲ್ಲ. ಮಕ್ಕಳ ಶಾಲೆ, ಅತ್ತೆಯ ಆರೋಗ್ಯ, ರಾತ್ರಿ ಓಡಾಟದ ಭಯ ಅವಳನ್ನು ಹಿಡಿದಿಡುತ್ತವೆ. ಇಂಥ ಕಡೆ ಸಂಬಳ ನಿಗದಿ ಮಾಡುವ ಬಲ ಮಾಲೀಕನ ಕೈಯಲ್ಲಿರುತ್ತೆ. ಅವಳು ದುಡಿದು ಹುಟ್ಟಿಸುವ ಬೆಲೆಗಿಂತ ಕಡಿಮೆ ಸಂಬಳ ಕೊಟ್ಟರೂ ಅವಳು ಕೆಲಸ ಬಿಡುವುದಿಲ್ಲ ಎಂಬುದು ಅವನಿಗೆ ಗೊತ್ತಿರುತ್ತೆ. ಬ್ರಿಟಿಷ್ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ 1933ರಲ್ಲೇ ಈ ಸ್ಥಿತಿಯನ್ನು ವಿವರಿಸಿದ್ದರು.

ಇಂಥ ಜಾಗದಲ್ಲಿ ಕಾನೂನು ಸಂಬಳ ಏರಿಸಿದರೆ ಕೆಲಸ ಕಡಿಮೆಯಾಗಲೇಬೇಕು ಎಂದಿಲ್ಲ. ಇಷ್ಟು ಕಾಸಿಗೆ ಯಾರು ಹೋಗ್ತಾರೆ ಎಂದು ಮನೆಯಲ್ಲಿದ್ದವರು ಹೊರಗೆ ಬರುತ್ತಾರೆ. ಇದ್ದವರು ಬಿಟ್ಟು ಹೋಗುವುದು ಕಡಿಮೆಯಾಗುತ್ತೆ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಬಿಟ್ಟು ಹೋಗುವವರ ಪ್ರಮಾಣ ಮೊದಲಿನಿಂದಲೂ ಜಾಸ್ತಿ. ಒಬ್ಬರು ಹೋದಾಗ ಹೊಸಬರನ್ನು ಹುಡುಕಿ, ಕಲಿಸಿ, ಕೈ ಪಳಗುವವರೆಗೆ ಕಾಯಲು ಕಾರ್ಖಾನೆಗೆ ಖರ್ಚಾಗುತ್ತೆ. ಸ್ಥಳೀಯರು ಸಿಗುತ್ತಿಲ್ಲ ಎಂದು ಒಡಿಶಾ, ಜಾರ್ಖಂಡ್‌ನಿಂದ ಯುವತಿಯರನ್ನು ಕರೆತಂದು ಹಾಸ್ಟೆಲಿನಲ್ಲಿ ಇರಿಸುವ ಕಾರ್ಖಾನೆಗಳಿವೆ. ಕೆಲಸಕ್ಕೆ ಜನವೇ ಸಿಗುತ್ತಿಲ್ಲ ಎಂಬ ದೂರು, ಸಂಬಳ ಏರಿಸಿದರೆ ಜನರನ್ನು ತೆಗೆಯಬೇಕಾಗುತ್ತೆ ಎಂಬ ಎಚ್ಚರಿಕೆ ಎರಡೂ ಒಂದೇ ಕಡೆಯಿಂದ ಬಂದಾಗ ಮೊದಲನೆಯದನ್ನು ಹೆಚ್ಚು ಗಮನವಿಟ್ಟು ಕೇಳಬೇಕು ಅನ್ನಿಸುತ್ತೆ. ಜನ ಸಿಗದಿರುವುದು ಸಂಬಳ ಸಾಲುತ್ತಿಲ್ಲ ಎಂಬುದರ ನೇರ ಗುರುತು.

ಸಂಬಳ ಮಾಲೀಕನಿಗೆ ಖರ್ಚು, ಆದರೆ ಊರಿಗೆ ಅದೇ ವ್ಯಾಪಾರ. ಕಡಿಮೆ ಆದಾಯದ ಮನೆಗೆ ಬಂದ ಹೆಚ್ಚುವರಿ ಹಣ ಬ್ಯಾಂಕಿನಲ್ಲಿ ಕೂರುವುದಿಲ್ಲ. ಹಾಲು, ಮೊಟ್ಟೆ, ಟ್ಯೂಷನ್, ಮೊಬೈಲ್ ರೀಚಾರ್ಜ್, ಚೀಟಿ, ಹಳೇ ಸಾಲದ ಕಂತು ಎಂದು ಅದೇ ತಿಂಗಳು ಅಂಗಡಿ ಬೀದಿಗೆ ಬರುತ್ತೆ. ಅಲ್ಲಿ ಇನ್ಯಾರಿಗೋ ಕೆಲಸ ಹುಟ್ಟುತ್ತೆ. ಮಾಲೀಕರು ಎಲ್ಲರೂ ಸೇರಿ ಸಂಬಳ ಇಳಿಸಿದರೆ ಕೊಳ್ಳುವವರೇ ಇಲ್ಲದಂತಾಗಿ ನಿರುದ್ಯೋಗ ಇನ್ನೂ ಏರಬಹುದು ಎಂದು ಬ್ರಿಟಿಷ್ ಅರ್ಥಶಾಸ್ತ್ರಜ್ಞ ಕೇನ್ಸ್ 1936ರಲ್ಲಿ ವಾದಿಸಿದ್ದು ಇದೇ ಕಾರಣಕ್ಕೆ. ಆದರೆ ಒಂದು ಮಿತಿ ಇದೆ. ಅಮೆರಿಕದಲ್ಲಿ ಮಾರಾಟವಾಗುವ ಅಂಗಿಯನ್ನು ಮಂಡ್ಯದ ಟೈಲರ್ ಕೊಳ್ಳುವುದಿಲ್ಲ. ಹಾಗಾಗಿ ಈ ವಾದ ರಫ್ತಿನ ಕಾರ್ಖಾನೆಗಿಂತ ಸ್ಥಳೀಯ ವ್ಯಾಪಾರಕ್ಕೆ ಹೆಚ್ಚು ಹೊಂದುತ್ತೆ.

ಬೇರೆ ದೇಶಗಳಲ್ಲಿ ಏನಾಯಿತು?

1992ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಕನಿಷ್ಠ ವೇತನವನ್ನು ಗಂಟೆಗೆ 4.25 ಡಾಲರ್‌ನಿಂದ 5.05ಕ್ಕೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಗಡಿಯ ಎರಡೂ ಕಡೆಯ 410 ಫಾಸ್ಟ್‌ಫುಡ್ ಅಂಗಡಿಗಳನ್ನು ಹೋಲಿಸಿದರು. ಸಂಬಳ ಏರಿದ ಕಡೆ ಕೆಲಸ ಕಡಿಮೆಯಾಗಿರಲಿಲ್ಲ. ಬೇರೆ ಅರ್ಥಶಾಸ್ತ್ರಜ್ಞರು ಈ ಫಲಿತಾಂಶವನ್ನು ಪ್ರಶ್ನಿಸಿದರು, ವಾದ ವರ್ಷಗಟ್ಟಲೆ ನಡೆಯಿತು. ಆದರೆ ಅಲ್ಲಿಯವರೆಗೆ ಸಿದ್ಧಾಂತದಲ್ಲೇ ತೀರ್ಮಾನವಾಗುತ್ತಿದ್ದ ಪ್ರಶ್ನೆ ಆಮೇಲೆ ಅಂಕಿಅಂಶದ ಪ್ರಶ್ನೆಯಾಯಿತು. 2021ರಲ್ಲಿ ಕಾರ್ಡ್ ಅವರಿಗೆ ನೊಬೆಲ್ ಬಂತು. ಕ್ರೂಗರ್ ಅಷ್ಟರಲ್ಲಿ ತೀರಿಕೊಂಡಿದ್ದರು.

ಜರ್ಮನಿ 2015ರಲ್ಲಿ ಮೊದಲ ಬಾರಿ ದೇಶಕ್ಕೆಲ್ಲ ಒಂದೇ ಕನಿಷ್ಠ ವೇತನ ತಂದಿತು, ಗಂಟೆಗೆ 8.50 ಯೂರೊ. ಲಕ್ಷಗಟ್ಟಲೆ ಕೆಲಸ ಹೋಗುತ್ತೆ ಎಂದು ಹಲವು ಅರ್ಥಶಾಸ್ತ್ರಜ್ಞರು ಮೊದಲೇ ಎಚ್ಚರಿಸಿದ್ದರು. ಹಾಗಾಗಲಿಲ್ಲ. ಕಡಿಮೆ ಸಂಬಳದ ಪುಟ್ಟ ಘಟಕಗಳಲ್ಲಿದ್ದ ಒಂದಿಷ್ಟು ಜನ ಚೆನ್ನಾಗಿ ನಡೆಯುವ ಸ್ವಲ್ಪ ದೊಡ್ಡ ಕಂಪನಿಗಳಿಗೆ ಹೋದರು. ಕೆಲಸದ ಒಟ್ಟು ಸಂಖ್ಯೆ ಹೆಚ್ಚುಕಡಿಮೆ ಹಾಗೇ ಉಳಿಯಿತು.

ನಮಗೆ ಹೆಚ್ಚು ಪಾಠ ಸಿಗುವುದು ಹಂಗೇರಿಯಿಂದ. ಅಲ್ಲಿ 2001ರಲ್ಲಿ ಕನಿಷ್ಠ ವೇತನವನ್ನು ತಿಂಗಳಿಗೆ 25,500 ಫೊರಿಂಟ್‌ನಿಂದ 40,000ಕ್ಕೆ, ಮರುವರ್ಷ 50,000ಕ್ಕೆ ಏರಿಸಿದರು. ಎರಡೇ ವರ್ಷದಲ್ಲಿ ಹತ್ತಿರ ಹತ್ತಿರ ದುಪ್ಪಟ್ಟು. ಹೆಚ್ಚುವರಿ ಖರ್ಚು ಯಾರ ಜೇಬಿನಿಂದ ಬಂತು ಎಂದು ಅರ್ಥಶಾಸ್ತ್ರಜ್ಞರು ಆಮೇಲೆ ಕಂಪನಿಗಳ ಲೆಕ್ಕಪತ್ರ ಹಿಡಿದು ಹುಡುಕಿದರು. ಸುಮಾರು ಮುಕ್ಕಾಲು ಪಾಲು ಬೆಲೆ ಏರಿಕೆಯಾಗಿ ಗ್ರಾಹಕರ ಮೇಲೆ ಬಿದ್ದಿತ್ತು. ಕಾಲು ಪಾಲನ್ನು ಮಾಲೀಕರ ಲಾಭ ಹೊತ್ತಿತ್ತು. ಕೆಲಸ ಹೋದದ್ದು ಸ್ವಲ್ಪವೇ, ಆದರೆ ಎಲ್ಲ ಕಡೆ ಸಮನಾಗಿ ಹೋಗಲಿಲ್ಲ. ಬೆಲೆ ಏರಿಸಲು ಸಾಧ್ಯವಿದ್ದ ಸ್ಥಳೀಯ ಸೇವೆಗಳಲ್ಲಿ ಪೆಟ್ಟು ಕಡಿಮೆ. ವಿದೇಶಿ ಪೈಪೋಟಿ ಎದುರಿಸುವ ಉದ್ದಿಮೆಗಳಲ್ಲಿ ಜಾಸ್ತಿ.

ಇಡೀ ವಿವಾದದ ಕೀಲಿ ಇಲ್ಲಿದೆ ಎಂಬುದು ಈ ಲೇಖನದ ವಾದ. ಸಂಬಳ ಏರಿಕೆಯ ಹಣ ಯಾರಾದರೂ ಕೊಡಲೇಬೇಕು. ಗ್ರಾಹಕರು ಕೊಡಬಹುದು, ಮಾಲೀಕರು ಕೊಡಬಹುದು, ಬ್ರ್ಯಾಂಡ್ ಕೊಡಬಹುದು, ಸರ್ಕಾರ ಕೊಡಬಹುದು. ಇವರಲ್ಲಿ ಯಾರೂ ಕೊಡದಂತೆ ದಾರಿ ಮುಚ್ಚಿರುವ ಕಡೆ ಮಾತ್ರ ಕಾರ್ಮಿಕ ತನ್ನ ಕೆಲಸ ಕೊಟ್ಟು ಬೆಲೆ ತೆರುತ್ತಾನೆ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಸಿಬ್ಬಂದಿಗೆ ಸಂಬಳ ಏರಿದರೆ ಆ ಕೆಲಸ ಹಿಂದೂಪುರಕ್ಕೆ ಹೋಗುವುದಿಲ್ಲ, ಮನೆಗಳ ತಿಂಗಳ ಮೇಂಟೆನೆನ್ಸ್ ಏರುತ್ತೆ ಅಷ್ಟೆ. ಹೋಟೆಲ್, ಆಸ್ಪತ್ರೆ, ಅಂಗಡಿಗಳ ಕಥೆಯೂ ಹೀಗೇ. ಗಾರ್ಮೆಂಟ್ಸ್‌ನ ಕಥೆ ಬೇರೆ. ಎರಡಕ್ಕೂ ಒಂದೇ ಉತ್ತರ ಹುಡುಕುವುದರಿಂದಲೇ ಅರ್ಧ ಗೊಂದಲ.

ಹಾಗಂತ ಗಾರ್ಮೆಂಟ್ಸ್‌ನಲ್ಲಿ ಏರಿಕೆ ಅಸಾಧ್ಯವೂ ಅಲ್ಲ. 2013ರ ಏಪ್ರಿಲ್‌ನಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು ಸಾವಿರಕ್ಕೂ ಹೆಚ್ಚು ಜನ ಸತ್ತ ಮೇಲೆ ಬಾಂಗ್ಲಾದೇಶ ಗಾರ್ಮೆಂಟ್ಸ್ ವೇತನವನ್ನು 3,000 ಟಾಕಾದಿಂದ 5,300ಕ್ಕೆ ಏರಿಸಿತು. 77% ಏರಿಕೆ. ರಫ್ತು ಕುಸಿಯಲಿಲ್ಲ, ನಂತರದ ವರ್ಷಗಳಲ್ಲಿ ಬೆಳೆಯಿತು. 2023ರ ಡಿಸೆಂಬರ್‌ನಿಂದ ಅಲ್ಲಿನ ಕನಿಷ್ಠ ವೇತನ 8,000ದಿಂದ 12,500 ಟಾಕಾ ಆಯಿತು. ಆದರೆ ಬಾಂಗ್ಲಾದೇಶದ ವೇತನ ಮೊದಲೇ ತೀರಾ ಕೆಳಗಿತ್ತು. ಯುರೋಪಿನಲ್ಲಿ ಅದರ ಬಟ್ಟೆಗೆ ಸುಂಕವೂ ಇರಲಿಲ್ಲ. ನಮ್ಮ ಬಟ್ಟೆಗೆ ಇತ್ತು. ಸಂಬಳ ಏರಿದಾಗ ಬ್ರ್ಯಾಂಡ್ ಉಳಿಯುತ್ತೋ ಓಡುತ್ತೋ ಎಂಬುದನ್ನು ಸಂಬಳದಷ್ಟೇ ಸುಂಕವೂ ತೀರ್ಮಾನಿಸುತ್ತೆ.

ಮೇಲಿನ ಕಾಲ್ಪನಿಕ ಅಂಗಿಗೇ ಹಿಂತಿರುಗಿದರೆ, ಅದು ವಿದೇಶದ ಮಳಿಗೆಯಲ್ಲಿ 2,000 ರೂಪಾಯಿಗೆ ಮಾರಾಟವಾದರೆ ಕಾರ್ಖಾನೆ ಕೇಳುವ 40 ರೂಪಾಯಿ ಅದರ 2%. ಈ 2% ಕೊಡಲು ಬ್ರ್ಯಾಂಡ್ ಒಪ್ಪದಿರುವುದು, ಒಪ್ಪಿಸುವ ಬಲ ಒಂಟಿ ಕಾರ್ಖಾನೆಗೆ ಇಲ್ಲದಿರುವುದು, ಇದೇ ಸಂಬಳದ ಜಗಳದ ನಿಜವಾದ ಗಂಟು. ಎಲ್ಲ ರಾಜ್ಯಗಳ ಎಲ್ಲ ಕಾರ್ಖಾನೆಗಳೂ ಒಟ್ಟಿಗೆ ಆ ದರ ಕೇಳಬೇಕಾದ ಸ್ಥಿತಿ ಬಂದರೆ ಮಾತ್ರ ಆ ಗಂಟು ಸಡಿಲವಾಗಬಹುದು.

ರಾಜ್ಯ ರಾಜ್ಯಗಳ ನಡುವಿನ ಇಳಿಜಾರು

ವೇತನ ಸಂಹಿತೆಯಲ್ಲಿ ಇದಕ್ಕೊಂದು ಅವಕಾಶ ಇದೆ. ಕೇಂದ್ರ ಒಂದು ತಳಮಟ್ಟದ ವೇತನ ನಿಗದಿ ಮಾಡಬೇಕು, ಯಾವ ರಾಜ್ಯವೂ ಅದಕ್ಕಿಂತ ಕೆಳಗೆ ಹೋಗುವಂತಿಲ್ಲ. ಹಿಂದೆಯೂ ರಾಷ್ಟ್ರೀಯ ತಳಮಟ್ಟ ಎಂಬುದಿತ್ತು, ಆದರೆ ಅದನ್ನು ಪಾಲಿಸಲೇಬೇಕೆಂದು ಕಾನೂನು ಇರಲಿಲ್ಲ. 2017ರಲ್ಲಿ ಅದನ್ನು ದಿನಕ್ಕೆ 176 ರೂಪಾಯಿ ಮಾಡಲಾಗಿತ್ತು. 2019ರಲ್ಲಿ ಕೇಂದ್ರ ನೇಮಿಸಿದ್ದ ಅನೂಪ್ ಸತ್ಪತಿ ಸಮಿತಿ ದಿನಕ್ಕೆ 375 ರೂಪಾಯಿ, ತಿಂಗಳಿಗೆ 9,750 ರೂಪಾಯಿ ಇರಬೇಕು ಎಂದು ಶಿಫಾರಸು ಮಾಡಿತ್ತು.

ತಳಮಟ್ಟವನ್ನು ಮನೆ ನಡೆಯುವಷ್ಟು ಮೇಲೆ ಇಟ್ಟರೆ ಕರ್ನಾಟಕ ಸಂಬಳ ಏರಿಸಿದಾಗ ಪಕ್ಕದ ರಾಜ್ಯಕ್ಕೆ ಓಡುವ ಆಸೆ ಕಡಿಮೆಯಾಗುತ್ತೆ. ತೀರಾ ಕೆಳಗೆ ಇಟ್ಟರೆ ಅದು ಬರೀ ಕಾಗದ. ಆಗ ಪ್ರತಿ ರಾಜ್ಯವೂ 'ನಮ್ಮಲ್ಲಿ ಕೂಲಿ ಅಗ್ಗ' ಎಂದು ಬಂಡವಾಳ ಕರೆಯುತ್ತಲೇ ಇರುತ್ತೆ. ಬೆಂಗಳೂರಿನ ಟೈಲರ್ ಭವಿಷ್ಯ ದೆಹಲಿಯ ಈ ಒಂದು ಅಂಕಿಯ ಮೇಲೆ ನಿಂತಿದೆ. ಇದರ ಬಗ್ಗೆ ನಮ್ಮಲ್ಲಿ ಆಗಬೇಕಾದಷ್ಟು ಚರ್ಚೆ ಆಗುತ್ತಿಲ್ಲ.

ಸಂಹಿತೆಗಳಲ್ಲಿ ಇನ್ನೊಂದು ಬದಲಾವಣೆ ನೇರವಾಗಿ ಕೆಲಸದ ಭದ್ರತೆಗೆ ಸಂಬಂಧಿಸಿದೆ. ಹಿಂದೆ 100 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿದ್ದ ಕಾರ್ಖಾನೆ ಮುಚ್ಚಲು, ಜನರನ್ನು ತೆಗೆಯಲು ಸರ್ಕಾರದ ಅನುಮತಿ ಬೇಕಿತ್ತು. ಈಗ ಆ ಮಿತಿ 300. ತೆಗೆಯುವುದು ಸುಲಭವಾದರೆ ಸೇರಿಸಿಕೊಳ್ಳಲು ಮಾಲೀಕರು ಹೆದರುವುದಿಲ್ಲ ಎಂಬುದು ಇದರ ಹಿಂದಿನ ವಾದ. ಕೇಳಲು ಸರಿ ಇದೆ. ಆದರೆ ತೆಗೆಯುವುದು ಸುಲಭವಾದರೆ ಸಂಬಳ ಕೇಳಲು ಕಾರ್ಮಿಕರು ಹೆದರುತ್ತಾರೆ ಎಂಬುದೂ ಅಷ್ಟೇ ಸರಿ. ಸಂಬಳ ಕಾನೂನಿನಿಂದ ಮಾತ್ರ ನಿಗದಿಯಾಗುವುದಿಲ್ಲ, ಕೇಳುವ ಧೈರ್ಯದಿಂದಲೂ ಆಗುತ್ತೆ.

ನಿರುದ್ಯೋಗದ ಅಂಕಿಯಲ್ಲಿ ಕಾಣದ್ದು

ಕೇಂದ್ರದ ಕಾರ್ಮಿಕ ಸಮೀಕ್ಷೆಯ ಪ್ರಕಾರ 2023-24ರಲ್ಲಿ ದೇಶದ ನಿರುದ್ಯೋಗ 3.2%. 2017-18ರಲ್ಲಿ ಇದು 6.1% ಇತ್ತು. ಅರ್ಧದಷ್ಟು ಇಳಿದಿದೆ ಎಂದರೆ ಖುಷಿಯ ವಿಷಯ ಅಲ್ವಾ? ಅಷ್ಟು ಬೇಗ ಹೇಳಲಾಗದು. ಅದೇ ಅವಧಿಯಲ್ಲಿ ಸ್ವಂತ ದುಡಿಮೆ ಮಾಡುವವರ ಪಾಲು 52.2%ರಿಂದ 58.4%ಕ್ಕೆ ಏರಿತು. ತಿಂಗಳ ಸಂಬಳದವರ ಪಾಲು 22.8%ರಿಂದ 21.7%ಕ್ಕೆ ಇಳಿಯಿತು. ಸ್ವಂತ ದುಡಿಮೆ ಎಂಬ ಗುಂಪಿನಲ್ಲಿ ಕಾರ್ಖಾನೆ ಮಾಲೀಕರೂ ಇರುತ್ತಾರೆ. ಮನೆಯ ಹೊಲದಲ್ಲಿ, ಮನೆಯ ಅಂಗಡಿಯಲ್ಲಿ ಪುಡಿಗಾಸೂ ಇಲ್ಲದೆ ದುಡಿಯುವ ಹೆಂಗಸರೂ ಇರುತ್ತಾರೆ.

ಬಡ ದೇಶದಲ್ಲಿ ನಿರುದ್ಯೋಗಿಯಾಗಿ ಕೂರಲು ಒಂದಿಷ್ಟು ಅನುಕೂಲ ಬೇಕು. ಇದು ಕಠೋರ ಮಾತು, ಆದರೆ ನಿಜ. ಕೆಲಸ ಹೋದ ಟೈಲರ್ ಮನೆಯಲ್ಲಿ ಖಾಲಿ ಕೂರುವುದಿಲ್ಲ. ಮನೆಗೆಲಸಕ್ಕೆ ಹೋಗುತ್ತಾಳೆ, ಹೂ ಕಟ್ಟುತ್ತಾಳೆ, ಊರಿಗೆ ಹೋಗಿ ಕಳೆ ಕೀಳುತ್ತಾಳೆ. ಸಮೀಕ್ಷೆಯ ವಾರದ ಲೆಕ್ಕದಲ್ಲಿ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಅವಳು ಕೆಲಸದಲ್ಲಿರುವವಳೇ. ಪಿಎಫ್, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಇದ್ದ ಕೆಲಸ ಹೋಗಿ ಏನೂ ಇಲ್ಲದ ಕೆಲಸ ಬಂದರೂ ನಿರುದ್ಯೋಗದ ಅಂಕಿ ಅಲ್ಲಾಡುವುದಿಲ್ಲ. ಮತ್ತೊಂದು ತುದಿಯಲ್ಲಿ ಪದವೀಧರರು. ಮನೆಯವರ ಆಸರೆಯಲ್ಲಿ ಓದಿಗೆ ತಕ್ಕ ಕೆಲಸಕ್ಕಾಗಿ ಕಾಯುತ್ತಾರೆ. ಹಾಗಾಗಿ ಅದೇ 2023-24ರಲ್ಲಿ 15ರಿಂದ 29ರ ವಯಸ್ಸಿನವರಲ್ಲಿ ನಿರುದ್ಯೋಗ 10.2% ಇತ್ತು, ಇಡೀ ದೇಶದ ಸರಾಸರಿಯ ಮೂರು ಪಟ್ಟು.

ಆದ್ದರಿಂದ ಕನಿಷ್ಠ ವೇತನದ ಪರಿಣಾಮವನ್ನು ನಿರುದ್ಯೋಗದ ಅಂಕಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಕಾಯಂ ಇದ್ದವರು ಗುತ್ತಿಗೆಗೆ ಹೋದರಾ, ತಿಂಗಳ ಸಂಬಳ ಇದ್ದವರು ಪೀಸ್ ರೇಟಿಗೆ ಹೋದರಾ, ಕಾರ್ಖಾನೆಯ ಕೆಲಸ ಮನೆಮನೆಗೆ ಹಂಚಿಹೋಯಿತಾ ಎಂದು ನೋಡಬೇಕು. ತಿಂಗಳ ಸಂಬಳದವರಲ್ಲೂ ಅರ್ಧಕ್ಕಿಂತ ಜಾಸ್ತಿ ಜನರಿಗೆ ಲಿಖಿತ ಒಪ್ಪಂದವೇ ಇಲ್ಲ.

ಹಳ್ಳಿಯಲ್ಲಿ ಕೂಲಿ ಏರಿದ್ದು ಹೇಗೆ?

ವೇತನದ ಕಾಯ್ದೆ ತಲುಪದ ಕಡೆಯೂ ಕೂಲಿ ಏರಿಸಿದ ಒಂದು ನೀತಿ ನಮ್ಮಲ್ಲೇ ಇತ್ತು, ನರೇಗಾ. ಕೆಲಸ ಕೇಳಿದರೆ ಪಂಚಾಯಿತಿ ಕೊಡಬೇಕು. 2025-26ರಲ್ಲಿ ಕರ್ನಾಟಕದಲ್ಲಿ ಅದರ ಕೂಲಿ ದಿನಕ್ಕೆ 370 ರೂಪಾಯಿ. ಅಷ್ಟು ಅಲ್ಲೇ ಸಿಗುವಾಗ 250ಕ್ಕೆ ಹೊಲಕ್ಕೆ ಯಾಕೆ ಹೋಗಬೇಕು ಎಂದು ಕೇಳುವ ಬಲ ಕೂಲಿಯವರಿಗೆ ಬಂತು. ಕೂಲಿಗೆ ಜನ ಸಿಗುತ್ತಿಲ್ಲ ಎಂಬ ರೈತರ ಗೋಳಿಗೂ ಇದೇ ಕಾರಣ ಎಂದು ಬಹಳ ಜನ ಹೇಳಿದರು. ಸಣ್ಣ ರೈತನ ಕಷ್ಟ ಸುಳ್ಳಲ್ಲ, ಅವನ ಬೆಳೆಗೆ ಸರಿಯಾದ ಬೆಲೆಯೂ ಸಿಗುವುದಿಲ್ಲ.

ಆದರೆ ಖಾಸಗಿ ಕೆಲಸ ಕಡಿಮೆಯಾಯಿತಾ? ಅವಿಭಜಿತ ಆಂಧ್ರಪ್ರದೇಶದಲ್ಲಿ ಸ್ಮಾರ್ಟ್‌ಕಾರ್ಡ್ ಮೂಲಕ ಕೂಲಿ ಪಾವತಿ ಸುಧಾರಿಸಿದಾಗ ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಸಹಸಂಶೋಧಕರು ಈ ಪ್ರಶ್ನೆಯನ್ನು ಮಂಡಲಗಳ (ತಾಲೂಕಿನಂಥ ಅಲ್ಲಿನ ಆಡಳಿತ ಘಟಕ) ಮಟ್ಟದಲ್ಲಿ ಪರೀಕ್ಷಿಸಿದರು. ಸುಧಾರಣೆ ಆದ ಕಡೆ ಬಡ ಮನೆಗಳ ಆದಾಯ ಏರಿತು. ಅದರಲ್ಲಿ ಹೆಚ್ಚಿನ ಪಾಲು ಬಂದದ್ದು ನರೇಗಾದ ಹಣದಿಂದಲ್ಲ, ಹೊರಗಿನ ಕೂಲಿ ಏರಿದ್ದರಿಂದ. ಖಾಸಗಿ ಕೆಲಸವೂ ಕಡಿಮೆಯಾಗಲಿಲ್ಲ, ಬದಲಿಗೆ ಏರಿತು. ಕೂಲಿ ಮತ್ತು ಕೆಲಸ ಎರಡೂ ಒಟ್ಟಿಗೆ ಏರಬಹುದು ಎಂಬುದಕ್ಕೆ ನಮ್ಮ ನೆರೆಯಲ್ಲೇ ಸಿಕ್ಕ ಪುರಾವೆ ಇದು.

2025ರ ಡಿಸೆಂಬರ್‌ನಲ್ಲಿ ಸಂಸತ್ತು ನರೇಗಾ ಬದಲಿಗೆ 'ವಿಬಿ-ಜಿ ರಾಮ್ ಜಿ' ಎಂಬ ಹೊಸ ಗ್ರಾಮೀಣ ಉದ್ಯೋಗ ಕಾಯ್ದೆಯನ್ನು ಒಪ್ಪಿತು. ವರ್ಷಕ್ಕೆ ಖಾತರಿ ಕೊಡುವ ಕೆಲಸದ ದಿನಗಳು 100ರಿಂದ 125ಕ್ಕೆ ಏರಿದವು. ಆದರೆ ವೆಚ್ಚವನ್ನು ಕೇಂದ್ರ ಮತ್ತು ಹೆಚ್ಚಿನ ರಾಜ್ಯಗಳು 60:40ರಂತೆ ಹಂಚಿಕೊಳ್ಳಬೇಕು. ಬಿತ್ತನೆ ಮತ್ತು ಕೊಯ್ಲಿನ ಕಾಲದಲ್ಲಿ ವರ್ಷಕ್ಕೆ 60 ದಿನ ಕೆಲಸ ನಿಲ್ಲಿಸಬೇಕು. ರೈತರಿಗೆ ಕೂಲಿಯಾಳು ಸಿಗಲಿ ಎಂಬುದು ಇದರ ಉದ್ದೇಶ. ಕೂಲಿಯವರ ಕಡೆಯಿಂದ ನೋಡಿದರೆ ಚೌಕಾಸಿ ಮಾಡಲು ಬಲ ಇರುವುದು ಆ ದಿನಗಳಲ್ಲೇ. ಆಗಲೇ ಪರ್ಯಾಯ ಕೆಲಸ ಇಲ್ಲದಿದ್ದರೆ ಕೂಲಿ ದರದ ಮೇಲೆ ಒತ್ತಡ ಬೀಳುತ್ತೆ.

ಕರ್ನಾಟಕದ ಶಕ್ತಿ ಯೋಜನೆಯನ್ನೂ ಈ ಕಣ್ಣಿನಿಂದ ನೋಡಬಹುದು. 2023ರ ಜೂನ್ 11ರಿಂದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತ. ಬಸ್ ಚಾರ್ಜ್ ಇಲ್ಲದಿದ್ದರೆ 10 ಕಿಲೋಮೀಟರ್ ದೂರದ ಕಾರ್ಖಾನೆಯ ಬದಲು 30 ಕಿಲೋಮೀಟರ್ ದೂರದ್ದನ್ನೂ ಯೋಚಿಸಬಹುದು. ಎರಡೇ ಮಾಲೀಕರ ನಡುವೆ ಸಿಕ್ಕಿಕೊಂಡವಳಿಗೆ ಐದಾರು ಮಾಲೀಕರ ಆಯ್ಕೆ ಸಿಗುತ್ತೆ. ಇದೂ ಒಂದು ರೀತಿಯ ವೇತನ ನೀತಿಯೇ, ಹೆಸರಿನಲ್ಲಿ ಸಾರಿಗೆ ಇದ್ದರೂ.

ಕೆಲಸ ಹುಟ್ಟುವುದು ಆರ್ಡರಿನಿಂದ

ಒಂದು ಕಾರ್ಖಾನೆ ಎಷ್ಟು ಜನರನ್ನು ಇಟ್ಟುಕೊಳ್ಳುತ್ತೆ ಎಂಬುದನ್ನು ಎಲ್ಲಕ್ಕಿಂತ ಮೊದಲು ತೀರ್ಮಾನಿಸುವುದು ಕೈಯಲ್ಲಿರುವ ಆರ್ಡರ್. 2025ರ ಆಗಸ್ಟ್ 27ರಿಂದ ಅಮೆರಿಕ ಭಾರತದ ಬಹುತೇಕ ಸರಕುಗಳ ಮೇಲೆ 50% ಸುಂಕ ಹಾಕಿತು. ಬಟ್ಟೆ ರಫ್ತಿಗೆ ಬಿದ್ದ ಆ ಪೆಟ್ಟಿನ ಹಿಂದೆ ಯಾವ ವೇತನ ಅಧಿಸೂಚನೆಯೂ ಇರಲಿಲ್ಲ. ಸಂಬಳ ಒಂದು ರೂಪಾಯಿ ಏರದಿದ್ದರೂ ಇಂಥ ದಿನಗಳಲ್ಲಿ ಬ್ಯಾಚುಗಳು ಖಾಲಿಯಾಗುತ್ತವೆ. ಆ ಕಾರಣಕ್ಕೆ ಹೋದ ಕೆಲಸವನ್ನೂ ಸಂಬಳದ ಲೆಕ್ಕಕ್ಕೆ ಬರೆಯುವುದು ಅನ್ಯಾಯ.

ರಿಸರ್ವ್ ಬ್ಯಾಂಕ್ 2025ರಲ್ಲಿ ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ) 6.5%ರಿಂದ 5.25%ಕ್ಕೆ ಇಳಿಸಿತು. ಬಡ್ಡಿ ಇಳಿದರೆ ಸಾಲ ಮಾಡಿ ಮನೆ ಕಟ್ಟುವವರು, ಯಂತ್ರ ಕೊಳ್ಳುವವರು ಹೆಚ್ಚುತ್ತಾರೆ, ಅಲ್ಲಿಂದ ಕೆಲಸ ಹುಟ್ಟುತ್ತೆ. ಆದರೆ ಅದು ನಿಧಾನದ ದಾರಿ, ಸಣ್ಣ ವರ್ಕ್‌ಶಾಪಿನವರೆಗೆ ಕೆಲವೊಮ್ಮೆ ತಲುಪುವುದೇ ಇಲ್ಲ.

ಇನ್ನೊಂದು ದಾರಿ ಸರ್ಕಾರವೇ ಸಂಬಳದ ಒಂದು ಪಾಲು ಹೊರುವುದು. 2025ರ ಆಗಸ್ಟ್ 1ರಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ ಇದನ್ನೇ ಮಾಡುತ್ತೆ. ಮೊದಲ ಬಾರಿ ಕೆಲಸಕ್ಕೆ ಸೇರಿದವರಿಗೆ ಎರಡು ಕಂತಿನಲ್ಲಿ 15,000 ರೂಪಾಯಿವರೆಗೆ, ಇದ್ದವರ ಮೇಲೆ ಹೆಚ್ಚುವರಿಯಾಗಿ ಸೇರಿಸಿಕೊಂಡ ಪ್ರತಿಯೊಬ್ಬರ ಲೆಕ್ಕದಲ್ಲಿ ಮಾಲೀಕರಿಗೆ ತಿಂಗಳಿಗೆ 3,000 ರೂಪಾಯಿವರೆಗೆ ಎರಡು ವರ್ಷ, ತಯಾರಿಕಾ ಕ್ಷೇತ್ರದಲ್ಲಾದರೆ ನಾಲ್ಕು ವರ್ಷ. ಒಟ್ಟು ಮೀಸಲು 99,446 ಕೋಟಿ ರೂಪಾಯಿ. ಕಾರ್ಮಿಕರ ಕೈಗೆ ಬರುವ ಸಂಬಳ ಇಳಿಸದೆ ಮಾಲೀಕರ ಖರ್ಚು ಇಳಿಸುವ ಉಪಾಯ ಇದು. ವೇತನ ಏರಿಕೆಯ ಜೊತೆ ಇದನ್ನು ಜೋಡಿಸಿದರೆ ಗಾರ್ಮೆಂಟ್ಸ್‌ನಂಥ ಕಡೆ ಮೊದಲ ಕೆಲವು ವರ್ಷದ ಭಾರ ಹಗುರವಾಗುತ್ತೆ. ತೊಂದರೆ ಏನೆಂದರೆ ಇದು ಹೊಸಬರಿಗೆ ಮಾತ್ರ. ಹತ್ತು ವರ್ಷದಿಂದ ಹೊಲಿಯುತ್ತಿರುವ ಟೈಲರ್‌ಗೆ ಇದರಿಂದ ಏನೂ ಇಲ್ಲ. ಹಳಬರನ್ನು ಬಿಡಿಸಿ ಹೊಸಬರನ್ನು ತೋರಿಸುವ ಆಸೆ ಹುಟ್ಟದಂತೆ ಕಾವಲೂ ಬೇಕು.

ಮುಂದೆ ಏನಾಗಬಹುದು?

ಕರಡಿನ ದರ ಒಮ್ಮೆಲೇ ಪೂರ್ತಿ ಜಾರಿಯಾದರೆ ಸೇವಾ ವಲಯದಲ್ಲಿ ಬೆಲೆ ಏರುತ್ತೆ, ಕೆಲಸ ಹೆಚ್ಚು ಹೋಗುವುದಿಲ್ಲ. ರಫ್ತಿನ ಗಾರ್ಮೆಂಟ್ಸ್ ಮತ್ತು ಸಣ್ಣ ಬಿಡಿಭಾಗ ಘಟಕಗಳಲ್ಲಿ ಪೆಟ್ಟು ಬೀಳಬಹುದು. ಮೂರ್ನಾಲ್ಕು ವರ್ಷದಲ್ಲಿ ಹಂತ ಹಂತವಾಗಿ, ದಿನಾಂಕವನ್ನು ಮೊದಲೇ ಹೇಳಿ ಏರಿಸಿದರೆ ಕಾರ್ಖಾನೆಗಳು ಮುಂದಿನ ಆರ್ಡರಿನ ದರದಲ್ಲೇ ಅದನ್ನು ಸೇರಿಸಬಹುದು. ಈಗಾಗಲೇ ಒಪ್ಪಿಕೊಂಡ ಆರ್ಡರಿನ ಮಧ್ಯೆ ಏರಿದಾಗ ಮಾತ್ರ ನಷ್ಟ ತಪ್ಪಿಸಲಾಗದು. ಹಂತ ಹಂತ ಎಂಬುದು ಮುಂದೂಡುವ ನೆಪವಾಗಬಾರದು ಅಷ್ಟೆ. 2020ರ ಏಪ್ರಿಲ್‌ನಿಂದ ಸಿಗಬೇಕಿದ್ದ ತುಟ್ಟಿಭತ್ಯೆ ಏರಿಕೆಯನ್ನು ಕೋವಿಡ್ ಕಾರಣಕ್ಕೆ ರಾಜ್ಯ ಸರ್ಕಾರ ತಡೆದಿತ್ತು. ತಿಂಗಳಿಗೆ ಸುಮಾರು 417 ರೂಪಾಯಿಯ ಪ್ರಶ್ನೆ ಅದು. ಆ ಆದೇಶ ಕೋರ್ಟಿನಲ್ಲಿ ನಿಲ್ಲಲಿಲ್ಲ. ಆದರೂ ಲಕ್ಷಾಂತರ ಗಾರ್ಮೆಂಟ್ಸ್ ಕಾರ್ಮಿಕರಿಗೆ ಬಾಕಿ ಸಿಗಲು 2022 ಬರಬೇಕಾಯಿತು.

ಯಾರೂ ಹೆಚ್ಚು ಮಾತಾಡದ ಇನ್ನೊಂದು ಕೊಂಡಿ ಇಎಸ್‌ಐ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಮಾತ್ರ ಅದು ಸಿಗುತ್ತೆ ಎಂದು 2017ರಲ್ಲಿ ಮಿತಿ ಹಾಕಲಾಗಿದೆ. ಬೆಂಗಳೂರಿನ ಹೆಲ್ಪರ್ ಸಂಬಳವೇ 23,376 ಆದರೆ, ಈ ಮಿತಿಯನ್ನು ಕೇಂದ್ರ ಏರಿಸದಿದ್ದರೆ, ನಗರದ ಸಂಘಟಿತ ಕಾರ್ಮಿಕರೆಲ್ಲ ಇಎಸ್‌ಐ ಆಸ್ಪತ್ರೆಯಿಂದ ಹೊರಗೆ ಬೀಳುತ್ತಾರೆ. ಹೆರಿಗೆ, ಆಪರೇಷನ್, ಕಾಯಿಲೆ ರಜೆಯ ಹಣ ಎಲ್ಲ ನಿಲ್ಲುತ್ತೆ. ಸಂಬಳ ಏರಿಸುವುದು ರಾಜ್ಯದ ಕೈಯಲ್ಲಿ, ಇಎಸ್‌ಐ ಮಿತಿ ಕೇಂದ್ರದ ಕೈಯಲ್ಲಿ. ಇಬ್ಬರೂ ಒಟ್ಟಿಗೆ ಕೂತು ದಿನಾಂಕ ಹೊಂದಿಸದಿದ್ದರೆ ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಕಿತ್ತುಕೊಂಡಂತಾಗುತ್ತೆ.

ಇನ್ನು ಜಾರಿಯ ಮಾತು. ಹಳೆಯ ಕಾಯ್ದೆ ಪಟ್ಟಿಯಲ್ಲಿದ್ದ ಉದ್ಯೋಗಗಳಿಗೆ ಮಾತ್ರ ಅನ್ವಯಿಸುತ್ತಿತ್ತು, ವೇತನ ಸಂಹಿತೆ ಎಲ್ಲ ಉದ್ಯೋಗಗಳಿಗೂ ಅನ್ವಯಿಸುತ್ತೆ. ಕಡಿಮೆ ಸಂಬಳ ಕೊಟ್ಟಿದ್ದರೆ ಹಿಂದೆ ಆರು ತಿಂಗಳೊಳಗೆ ದೂರು ಕೊಡಬೇಕಿತ್ತು, ಈಗ ಮೂರು ವರ್ಷದವರೆಗೆ ಕೇಳಬಹುದು. ಅದಕ್ಕೆ ಕೈಯಲ್ಲಿ ಸಂಬಳ ಚೀಟಿ ಇರಬೇಕು. ಮನೆಯಲ್ಲಿ ಕೂತು ಸಾವಿರಕ್ಕಿಷ್ಟು ಎಂದು ಬೀಡಿ ಕಟ್ಟುವವರಿಗೆ, ಅಗರಬತ್ತಿ ಹೊಸೆಯುವವರಿಗೆ, ಗುತ್ತಿಗೆದಾರನ ಹೆಸರೂ ಗೊತ್ತಿಲ್ಲದ ಸ್ವಚ್ಛತಾ ಸಿಬ್ಬಂದಿಗೆ ಅಂಥ ಚೀಟಿ ಇರುವುದು ಅಪರೂಪ. ಅಂಗನವಾಡಿ, ಆಶಾ ಕಾರ್ಯಕರ್ತೆಯರಿಗೆ ಸರ್ಕಾರ ಕೊಡುವುದು 'ಗೌರವಧನ', ವೇತನ ಅಲ್ಲ. ಹಾಗಾಗಿ ಈ 23 ಸಾವಿರದ ಚರ್ಚೆಯೊಳಗೆ ಅವರು ಬರುವುದೇ ಇಲ್ಲ. ಖಾಸಗಿ ಮಾಲೀಕರಿಗೆ ಸೂತ್ರ ಹೇಳುವ ಸರ್ಕಾರ ತನ್ನ ಈ ದುಡಿಯುವವರಿಗೆ ಅದೇ ಸೂತ್ರದಲ್ಲಿ ಎಷ್ಟು ಬರುತ್ತೆ ಎಂದು ಲೆಕ್ಕ ಹಾಕಿ ಹೇಳಬೇಕು.